ಒಂದೇ ಕ್ಲಿಪ್ಪು ಜರುಗಬೇಕು: ಮಗಳ ಜೊತೆ ಕಟ್ಟಿದ ಲೋಲಕ

“ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು” ಅನ್ನುವ ವಾಕ್ಯ ನನ್ನ ಹತ್ತು ವರ್ಷದ ಮಗಳಿಗೆ ಕಂಠಪಾಠ. ಸ್ವತಂತ್ರ ಚರ (ನಾವು ಬದಲಿಸುವುದು), ಅವಲಂಬಿತ ಚರ (ಅದರಿಂದ ಬದಲಾಗುತ್ತದೆಯೇ ಎಂದು ಅಳೆಯುವುದು), ನಿಯಂತ್ರಿತ ಚರ (ಹಾಗೇ ಇಡುವುದು) ಎಂದು ಮೂರನ್ನೂ ತಡವರಿಸದೆ ಹೇಳುತ್ತಾಳೆ. ಕೈಗೆ ದಾರ ಮತ್ತು ನಟ್ಟು ಕೊಟ್ಟರೆ ಮಾತ್ರ ಕಥೆ ಬೇರೆ. ಉದ್ದ ದಾರಕ್ಕೆ ಮೂರು ನಟ್ಟು, ಗಿಡ್ಡ ದಾರಕ್ಕೆ ಒಂದು ನಟ್ಟು ಕಟ್ಟಿ, ಎರಡನ್ನೂ ಆಡಿಸಿ, “ಭಾರ ಜಾಸ್ತಿ ಇದ್ರೆ ನಿಧಾನ” ಎಂದು ತೀರ್ಪು ಕೊಡುತ್ತಾಳೆ. ದಾರವೂ ಕಾರಣ ಇರಬಹುದಲ್ಲ ಎಂದರೆ, “ಇರಬಹುದು, ಆದ್ರೆ ಭಾರಾನೇ” ಅನ್ನುತ್ತಾಳೆ. ನಿಯಮ ಬಾಯಲ್ಲಿದೆ, ಕೈಗೆ ಇಳಿದಿಲ್ಲ. ಹಾಗಾಗಿ ಕೈಗೆ ಇಳಿಸುವಂಥದ್ದೊಂದು ಉಪಕರಣ ಕಟ್ಟಲು ಇಬ್ಬರೂ ಕೂತೆವು.

ಮಕ್ಕಳಿಗೆ ಚರಗಳನ್ನು ಕಲಿಸಲು ಎಲ್ಲರೂ ಮೊದಲು ಕೊಡುವುದು ಗಿಡದ ಪ್ರಯೋಗ. ಒಂದು ಕುಂಡ ಬಿಸಿಲಲ್ಲಿ, ಇನ್ನೊಂದು ಕತ್ತಲೆಯಲ್ಲಿ. ಮೊದಲ ಪಾಠಕ್ಕೆ ಇದಕ್ಕಿಂತ ತೊಡಕಿನ ಪ್ರಯೋಗ ಇಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಬೀಜದಂತೆ ಇನ್ನೊಂದು ಇರುವುದಿಲ್ಲ, ಆದ್ದರಿಂದ ಎರಡೇ ಕುಂಡದಲ್ಲಿ ಏನೂ ಸಾಬೀತಾಗುವುದಿಲ್ಲ. ಕುಂಡವನ್ನು ಕಪಾಟಿನೊಳಗಿಟ್ಟರೆ ಬೆಳಕಿನ ಜೊತೆಗೆ ಶಾಖ, ಗಾಳಿ, ಮಣ್ಣು ಒಣಗುವ ವೇಗ ಎಲ್ಲವೂ ಬದಲಾಗುತ್ತವೆ. ಉತ್ತರಕ್ಕೆ ವಾರಗಟ್ಟಲೆ ಕಾಯಬೇಕು. ಅಷ್ಟರೊಳಗೆ ಮಗು ಪ್ರಶ್ನೆಯನ್ನೇ ಮರೆತಿರುತ್ತದೆ.

ಲೋಲಕದಲ್ಲಿ, ಅಂದರೆ ದಾರಕ್ಕೆ ಭಾರದ ಗುಂಡು ಕಟ್ಟಿ ಆಡಿಸುವ ಸಾಧನದಲ್ಲಿ, ಈ ಕಷ್ಟ ಇಲ್ಲ. ಬದಲಿಸಲು ಕಣ್ಣಿಗೆ ಕಾಣುವುದು ಮೂರೇ: ದಾರದ ಉದ್ದ, ಗುಂಡಿನ ಭಾರ, ಎಷ್ಟು ಕೋನಕ್ಕೆ ಎತ್ತಿ ಬಿಟ್ಟೆವು ಎಂಬುದು. ಅಳೆಯುವುದು ಒಂದೇ, ಸಮಯ. ಹತ್ತು ಹದಿನೈದು ಸೆಕೆಂಡಿನಲ್ಲಿ ಉತ್ತರ ಸಿಗುತ್ತದೆ, ನಂಬಿಕೆ ಬರದಿದ್ದರೆ ತಕ್ಷಣ ಮತ್ತೆ ಮಾಡಬಹುದು. ಮಕ್ಕಳು ಕಾರಣಗಳನ್ನು ಹೇಗೆ ಬಿಡಿಸಿ ನೋಡುತ್ತಾರೆ ಎಂದು ತಿಳಿಯಲು ಮನೋವಿಜ್ಞಾನಿಗಳಾದ ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನ್ಹೆಲ್ಡರ್ 1950ರ ದಶಕದಲ್ಲಿ ಬಳಸಿದ ಆಟಗಳಲ್ಲಿ ಲೋಲಕವೂ ಒಂದು. ಚಿಕ್ಕ ಮಕ್ಕಳು ಎರಡು ಮೂರನ್ನು ಒಟ್ಟಿಗೆ ಬದಲಿಸುತ್ತಾರೆ, ಒಂದೊಂದಾಗಿ ಬೇರ್ಪಡಿಸುವ ಕ್ರಮ ಹದಿಹರೆಯದ ಹೊತ್ತಿಗೆ ಬರುತ್ತದೆ ಎಂದು ಅವರು ಕಂಡುಕೊಂಡರು. 1999ರಲ್ಲಿ ಝೆ ಚೆನ್ ಮತ್ತು ಡೇವಿಡ್ ಕ್ಲಾರ್ ಇಳಿಜಾರು, ಸ್ಪ್ರಿಂಗ್‌ಗಳನ್ನು ಇಟ್ಟುಕೊಂಡು ನಡೆಸಿದ ಅಧ್ಯಯನದಲ್ಲಿ, ಸರಿಯಾದ ಹೋಲಿಕೆ ಯಾವುದು, ತಪ್ಪು ಹೋಲಿಕೆ ಯಾವುದು, ಯಾಕೆ ಎಂದು ಬಿಡಿಸಿ ಹೇಳಿ ಪ್ರಶ್ನೆ ಕೇಳಿದರೆ ಪ್ರಾಥಮಿಕ ಶಾಲೆಯ ಮಕ್ಕಳೂ ಇದನ್ನು ಕಲಿಯುತ್ತಾರೆ ಎಂದು ತೋರಿಸಿದರು. ನಮ್ಮ ಮನೆಯವಳಿಗೂ ಕಾಯಬೇಕಾಗಿಲ್ಲ ಎಂಬ ಧೈರ್ಯ ಬಂದದ್ದು ಅದರಿಂದ.

ಆಸರೆ ಮತ್ತು ಹಿಡಿ

ಕಟ್ಟುವಾಗ ನಾನು ಇಟ್ಟುಕೊಂಡ ಗುರಿ ಇಷ್ಟೇ: ಒಂದನ್ನು ಬದಲಿಸಿದಾಗ ಇನ್ನೊಂದು ತಾನಾಗಿ ಬದಲಾಗಬಾರದು. ಲೋಲಕದಂಥ ಸರಳ ವಸ್ತುವಿನಲ್ಲೂ ಇದು ಸುಲಭವಲ್ಲ.

ಮೇಜಿನ ಅಂಚಿನಿಂದ ಒಂದು ಗೇಣು ಹೊರಚಾಚುವಂತೆ ದಪ್ಪ ಮರದ ಹಲಗೆ ಇಟ್ಟು, ಎರಡು ಸಿ-ಕ್ಲಾಂಪ್‌ಗಳಿಂದ ಬಿಗಿದೆವು. ತೆಳು ಪಟ್ಟಿ ಬೇಡ. ಗುಂಡಿನ ಭಾರ ಹೆಚ್ಚಿದಷ್ಟೂ ತೆಳು ಆಸರೆ ಗುಂಡಿನ ಜೊತೆಗೇ ಓಲಾಡುತ್ತದೆ, ಸಮಯವೂ ತುಸು ಬದಲಾಗುತ್ತದೆ. ಆಗ “ಭಾರ ಬದಲಿಸಿದೆ” ಎಂದು ಬರೆದುಕೊಂಡರೂ ಆಸರೆಯೂ ಬದಲಾಗಿರುತ್ತದೆ. ಬಿಗಿದ ಮೇಲೆ ಅತಿ ಭಾರದ ಗುಂಡನ್ನು ಆಡಿಸಿ, ಹಲಗೆಯ ತುದಿಯ ಮೇಲೆ ಬೆರಳಿಟ್ಟು ನೋಡಿ. ಬೆರಳಿಗೆ ಅಲುಗಾಟ ತಿಳಿಯಬಾರದು.

ದಾರವನ್ನು ಮೊಳೆಗೆ ಕಟ್ಟುವುದು ಎಲ್ಲರ ರೂಢಿ. ಮೊಳೆ ದುಂಡಗಿರುವುದರಿಂದ ದಾರ ಆಡುವಾಗ ಅದರ ಮೈಗೆ ಸುತ್ತಿ ಬಿಚ್ಚುತ್ತದೆ, ಗಂಟು ಜಾರುತ್ತದೆ, ಉದ್ದ ಎಲ್ಲಿಂದ ಅಳೆಯಬೇಕು ಎಂಬುದೇ ಗೊತ್ತಾಗುವುದಿಲ್ಲ. ಅದರ ಬದಲು ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ಮರದ ತುಂಡುಗಳನ್ನು ಎದುರುಬದುರು ಇಟ್ಟು, ನಡುವೆ ದಾರ ಹಾಯಿಸಿ, ಒಂದು ಬೋಲ್ಟ್ ಮತ್ತು ರೆಕ್ಕೆ ನಟ್ಟಿನಿಂದ ಬಿಗಿದು, ಈ ಹಿಡಿಯನ್ನು ಹಲಗೆಯ ತುದಿಗೆ ತಿರುಪು ಹಾಕಿ ಕೂರಿಸಿದೆವು. ತುಂಡುಗಳ ಕೆಳ ಅಂಚು ಚೂಪಾಗಿರಬೇಕು, ಉಜ್ಜಿ ದುಂಡಗೆ ಮಾಡಬೇಡಿ. ದಾರ ಆ ಅಂಚಿನಿಂದಲೇ ಬಾಗುತ್ತದೆ, ಅಳತೆ ಅಲ್ಲಿಂದಲೇ ಶುರು. ರೆಕ್ಕೆ ನಟ್ಟು ಸಡಿಲಿಸಿ ದಾರ ಎಳೆದರೆ ಉದ್ದ ಬದಲಾಗುತ್ತದೆ, ಭಾರಕ್ಕೂ ಗುಂಡಿಗೂ ಕೈ ಹಚ್ಚಬೇಕಾಗಿಲ್ಲ.

ದಾರಕ್ಕೆ ಹೆಣೆದ ಪಾಲಿಯೆಸ್ಟರ್ ಸಾಕು. ಹೊಸೆದ ಹತ್ತಿ ದಾರ ಭಾರಕ್ಕೆ ಹುರಿ ಬಿಚ್ಚಿಕೊಂಡು ಗುಂಡನ್ನು ಬುಗುರಿಯಂತೆ ತಿರುಗಿಸುತ್ತದೆ. ತೆಳು ನೈಲಾನ್ ಎಳೆ ಭಾರಕ್ಕೆ ಹಿಗ್ಗುತ್ತದೆ, ಅಂದರೆ ಭಾರ ಹೆಚ್ಚಿಸಿದಾಗ ಉದ್ದವೂ ಗುಟ್ಟಾಗಿ ಹೆಚ್ಚುತ್ತದೆ. ದಾರದ ತುದಿಗೆ ಕಾಗದದ ಕ್ಲಿಪ್ಪನ್ನು ಕೊಕ್ಕೆಯಂತೆ ಬಗ್ಗಿಸಿ ಕಟ್ಟಿದೆವು.

ಹಿಡಿಯ ಹಿಂದೆ, ದಾರ ತಾಗದಷ್ಟು ದೂರದಲ್ಲಿ, ರಟ್ಟಿನ ಮೇಲೆ ಕೋನಮಾಪಕದಿಂದ ಗೆರೆ ಎಳೆದು ಅಂಟಿಸಿದೆವು: ನೇರ ಕೆಳಗೆ ಸೊನ್ನೆ, ಆಮೇಲೆ 10, 20, 40, 60 ಡಿಗ್ರಿ. ಮಕ್ಕಳು ಗುಂಡನ್ನು ಬಿಡುವ ಬದಲು ತಳ್ಳುತ್ತಾರೆ. ತಳ್ಳುವ ಬಲ ನಾಲ್ಕನೆಯ ಚರವಾಗಿ ಒಳಗೆ ನುಸುಳುತ್ತದೆ. ಅದಕ್ಕೆ ಒಂದು ಗಟ್ಟಿ ಕಾರ್ಡು ಬೇಕು. ಗುಂಡನ್ನು ಗೆರೆಯವರೆಗೆ ಎತ್ತಿ ಕಾರ್ಡಿಗೆ ಒರಗಿಸಿ, ಕಾರ್ಡನ್ನು ಸರಕ್ಕನೆ ಎಳೆಯುವುದು. ಎರಡು ಸಲ ಮಾಡಿದರೆ ಕೈಗೆ ಹತ್ತುತ್ತದೆ.

ಕ್ಲಿಪ್ಪು ಹಲಗೆ

ಇಡೀ ಸಾಮಾನಿನಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಲೋಲಕವಲ್ಲ, ಅದರ ಪಕ್ಕದಲ್ಲಿಟ್ಟ ಒಂದು ರಟ್ಟು. ಮುಂದೆ ಹಲಗೆ ಎಂದರೆ ಇದೇ. ಅದಕ್ಕೆ ಅಡ್ಡಲಾಗಿ ಮೂರು ದಾರ ಬಿಗಿದು, ಒಂದೊಂದಕ್ಕೆ ಒಂದು ಬಟ್ಟೆ ಕ್ಲಿಪ್ಪು ಸಿಕ್ಕಿಸಿದೆವು. ಮೊದಲ ಸಾಲಿನಲ್ಲಿ ಉದ್ದ: 15, 30, 60 ಸೆಂ.ಮೀ. ಎರಡನೆಯದರಲ್ಲಿ ಭಾರ: ಒಂದು, ಎರಡು, ಮೂರು ನಟ್ಟು. ಮೂರನೆಯದರಲ್ಲಿ ಕೋನ. ನಿಯಮ ಒಂದೇ. ಎರಡು ಅಳತೆಗಳನ್ನು ಹೋಲಿಸಬೇಕಾದರೆ ಅವುಗಳ ನಡುವೆ ಒಂದೇ ಕ್ಲಿಪ್ಪು ಜರುಗಿರಬೇಕು. ಎರಡು ಜರುಗಿದ್ದರೆ ಆಟ ಆಡಬಹುದು, “ಯಾಕೆ” ಎಂದು ಬರೆಯುವ ಹಾಗಿಲ್ಲ.

ಅಳೆಯಲು ಶುರು ಮಾಡುವ ಮುಂಚೆ ಅವಳಿಗೆ ಅವಳದೇ ಹಳೆಯ ಹೋಲಿಕೆಯನ್ನು ಹಲಗೆಯ ಮೇಲೆ ತೋರಿಸಲು ಹೇಳಿದೆ. ಉದ್ದದ ಕ್ಲಿಪ್ಪು ಸರಿಯಿತು, ಭಾರದ್ದೂ ಸರಿಯಿತು. “ಈಗ ಹೇಳು, ನಿಧಾನ ಆಗಿದ್ದು ಯಾವ ಕ್ಲಿಪ್ಪಿಂದ?” ಎಂದೆ. ಸುಮ್ಮನೆ ನೋಡಿ, “ಗೊತ್ತಾಗಲ್ಲ” ಎಂದಳು. “ಭಾರಾನೇ” ಎಂಬ ಹಟ ಅಲ್ಲಿಗೆ ಸಡಿಲವಾಯಿತು.

ಕ್ಲಿಪ್ಪಿಲ್ಲದೆ ಟೇಬಲ್ ಬರೆಸಿದರೂ ಆಗುತ್ತದೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಟೇಬಲ್‌ನಲ್ಲಿ ಬದಲಾಗದ ಅಂಕೆಯನ್ನೂ ಮತ್ತೆ ಬರೆಯಬೇಕು, ಆದ್ದರಿಂದ ಬದಲಾದದ್ದು ಬದಲಾಗದ್ದು ಎರಡೂ ಒಂದೇ ಥರ ಕಾಣುತ್ತವೆ. ಹಲಗೆಯಲ್ಲಿ ಕೈ ಮುಟ್ಟದ ಕ್ಲಿಪ್ಪು ಇದ್ದಲ್ಲೇ ಇರುತ್ತದೆ. “ಹಾಗೇ ಇಟ್ಟಿದ್ದೇನೆ” ಎನ್ನುವುದು ಕಣ್ಣಿಗೆ ಕಾಣುವ ಸಂಗತಿಯಾಗುತ್ತದೆ.

ಏನನ್ನೂ ಬದಲಿಸದೆ ಅಳೆಯುವುದು

ಮೊದಲ ಅಳತೆಗಳಲ್ಲಿ ಯಾವ ಕ್ಲಿಪ್ಪನ್ನೂ ಮುಟ್ಟುವಂತಿಲ್ಲ ಎಂದಿದ್ದೆ. 30 ಸೆಂ.ಮೀ., ಒಂದು ನಟ್ಟು, 10 ಡಿಗ್ರಿ. ಉದ್ದ ಅಳೆಯುವುದು ಹಿಡಿಯ ಅಂಚಿನಿಂದ ನಟ್ಟಿನ ನಡುವಿನವರೆಗೆ, ಗಂಟಿನವರೆಗೆ ಅಲ್ಲ.

ಒಂದು ಓಲಾಟ ಎಂದರೆ ಹೋಗಿ ಬರುವುದು. ಒಂದನ್ನೇ ಅಳೆದರೆ ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವೇ ಸುಮಾರು 0.2 ಸೆಕೆಂಡು ನುಂಗುತ್ತದೆ. ಹತ್ತನ್ನು ಒಟ್ಟಿಗೆ ಅಳೆದರೆ ಅದೇ ದೋಷ ಹತ್ತಕ್ಕೆ ಹಂಚಿಹೋಗುತ್ತದೆ. ಗುಂಡು ತುದಿಯಲ್ಲಿರುವಾಗ ಅಲ್ಲ, ಸೊನ್ನೆ ಗೆರೆ ದಾಟುವಾಗ ಒತ್ತಬೇಕು. ತುದಿಯಲ್ಲಿ ಅದು ನಿಂತಂತೆ ತಡವರಿಸುತ್ತದೆ, ನಡುವೆ ಅತಿ ವೇಗವಾಗಿ ಹಾಯುವುದರಿಂದ ಗಳಿಗೆ ಸ್ಪಷ್ಟ. ಎಣಿಕೆಯೂ “ಸೊನ್ನೆ”ಯಿಂದಲೇ ಶುರು. “ಒಂದು” ಎಂದು ಶುರು ಮಾಡಿದರೆ ಹತ್ತರ ಹೆಸರಿನಲ್ಲಿ ಒಂಬತ್ತೇ ಸಿಗುತ್ತದೆ. ಮಕ್ಕಳೆಲ್ಲ ಮೊದಮೊದಲು ಹಾಗೇ ಎಣಿಸುತ್ತಾರೆ, ದೊಡ್ಡವರೂ.

ಬಂದ ಸಂಖ್ಯೆಗಳು 10.9, 11.1, 11.0, ಮತ್ತೆ 10.9. ಇದನ್ನು ನೋಡಿ ಅವಳು ಕೇಳಿದ್ದು: “ಏನೂ ಬದಲಿಸಿಲ್ಲ, ಮತ್ತೆ ಯಾಕೆ ಬೇರೆ ಬೇರೆ?” ಈ ಪ್ರಶ್ನೆಗಾಗಿಯೇ ಆ ಸುತ್ತು ಇದ್ದದ್ದು. ಏನೂ ಬದಲಾಗದೆಯೇ ಸಂಖ್ಯೆ ಇಷ್ಟು ಅಲುಗುತ್ತದೆ ಎಂದು ಗೊತ್ತಿಲ್ಲದವರು ಮುಂದೆ 0.1 ಸೆಕೆಂಡಿನ ವ್ಯತ್ಯಾಸಕ್ಕೂ ಕಾರಣ ಹುಡುಕಿ ಕಥೆ ಕಟ್ಟುತ್ತಾರೆ. ಹಲಗೆಯ ಕೆಳಗೆ ಬರೆದುಕೊಂಡೆವು: 0.2ಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ ಮಾತಾಡುವಂತಿಲ್ಲ.

ಭಾರದ ಸುತ್ತು

ಈಗ ಭಾರದ ಕ್ಲಿಪ್ಪು ಒಂದರಿಂದ ಮೂರಕ್ಕೆ. ಅವಳು ಎರಡನೆಯ ನಟ್ಟನ್ನು ಇನ್ನೊಂದು ಕಾಗದದ ಕ್ಲಿಪ್ಪಿನಿಂದ ಮೊದಲನೆಯದರ ಕೆಳಗೆ ತೂಗುಹಾಕಿದಳು, ಮೂರನೆಯದನ್ನು ಅದರ ಕೆಳಗೆ. ಸರಪಳಿಯ ಹಾಗೆ. ಕಂಡೂ ನಾನು ಬಾಯಿ ಬಿಡಲಿಲ್ಲ. ಫಲಿತಾಂಶ 11.7, ಮತ್ತೆ 11.8. ಮಾತಾಡಬಹುದಾದ ವ್ಯತ್ಯಾಸ. “ನೋಡು! ಒಂದೇ ಕ್ಲಿಪ್ಪು ಜರುಗಿಸಿದ್ದು. ಭಾರ ಇದ್ರೆ ನಿಧಾನಾನೇ.”

ಶಾಲೆಯಲ್ಲಿ ಹೇಳಿಕೊಡುವ ನಿಯಮಕ್ಕೆ ಇಲ್ಲಿ ಕುಂದಿಲ್ಲ. ಒಂದನ್ನೇ ಬದಲಿಸಿದ್ದಾಳೆ, ಉಳಿದದ್ದನ್ನು ಮುಟ್ಟಿಲ್ಲ, ಅಳತೆಯೂ ಸರಿ. ಉತ್ತರ ಮಾತ್ರ ತಪ್ಪು. ನಿಯಮವನ್ನು ಬಾಯಿಪಾಠ ಮಾಡಿಸಿ ಬಿಟ್ಟುಬಿಟ್ಟರೆ ಸಿಗುವುದು ಈ ಥರದ ತಪ್ಪು, ಅದೂ ಪೂರ್ಣ ಆತ್ಮವಿಶ್ವಾಸದ ಜೊತೆ. ನಾವು ಬದಲಿಸಲಿಲ್ಲ ಎಂದ ಮಾತ್ರಕ್ಕೆ ಅದು ಬದಲಾಗಿಲ್ಲ ಎಂದಾಗುವುದಿಲ್ಲ.

ಉತ್ತರ ಹೇಳುವ ಬದಲು ಇನ್ನೊಂದು ಅಳತೆ ಕೇಳಿದೆ: ಅದೇ ಮೂರು ನಟ್ಟನ್ನು ಒಂದೇ ಕೊಕ್ಕೆಗೆ, ಅಕ್ಕಪಕ್ಕ ಹಾಕು. 11.0 ಬಂತು. ಮೂರು ನಟ್ಟು, ಅದೇ ಭಾರ, ಒಮ್ಮೆ 11.7, ಒಮ್ಮೆ 11.0. ಭಾರ ಎರಡರಲ್ಲೂ ಒಂದೇ ಆದ ಮೇಲೆ ಈ ವ್ಯತ್ಯಾಸಕ್ಕೆ ಭಾರ ಕಾರಣ ಆಗಲು ಸಾಧ್ಯವಿಲ್ಲ. ಇದನ್ನು ಅವಳೇ ಹೇಳಲಿ ಎಂದು ಕಾದೆ. ಸಾಕಷ್ಟು ಹೊತ್ತು ಹಿಡಿಯಿತು. ಮೊದಲು ಸ್ಟಾಪ್‌ವಾಚ್ ಮೇಲೆ ಅನುಮಾನ, ಆಮೇಲೆ ನನ್ನ ಎಣಿಕೆಯ ಮೇಲೆ. ಕೊನೆಗೆ ಎರಡನ್ನೂ ಮತ್ತೆ ಅಳೆದು, “ಹಾಗಾದ್ರೆ ಭಾರ ಅಲ್ಲ” ಎಂದಳು.

ಮತ್ತೇನು? ದಾರ ಅಳೆದಳು, 30 ಸೆಂ.ಮೀ. ಬದಲಾಗಿಲ್ಲ. ಅದನ್ನು ನನ್ನ ಮುಖಕ್ಕೆ ಹಿಡಿದು ತೋರಿಸಿದಳು ಕೂಡ. “ಒಂದು ನಟ್ಟಿದ್ದಾಗ ಎಲ್ಲಿವರೆಗೆ ಅಳೆದ್ವಿ?” ನಟ್ಟಿನ ನಡುವಿನವರೆಗೆ. “ಮೂರು ನಟ್ಟಿಗೆ ನಡು ಎಲ್ಲಿ?” ಸರಪಳಿಯಲ್ಲಿ ಮಧ್ಯದ ನಟ್ಟು ಇದ್ದದ್ದು 34 ಸೆಂ.ಮೀ.ಗೆ. ಲೋಲಕದ ಉದ್ದ ಎನ್ನುವುದು ದಾರದ ಉದ್ದವಲ್ಲ, ತೂಗುವ ಅಂಚಿನಿಂದ ಗುಂಡಿನ ದ್ರವ್ಯರಾಶಿ ಕೇಂದ್ರದವರೆಗಿನ, ಅಂದರೆ ಅದರ ಭಾರದ ನಡುವಿನವರೆಗಿನ ದೂರ. ಭಾರದ ಕ್ಲಿಪ್ಪು ಜರುಗಿಸುವಾಗ ಅವಳ ಅರಿವಿಗೆ ಬಾರದೆ ಉದ್ದದ ಕ್ಲಿಪ್ಪೂ ಜರುಗಿತ್ತು, ಹಲಗೆಯ ಮೇಲೆ ಮಾತ್ರ ಜರುಗಿರಲಿಲ್ಲ.

ಇದು ಊಹೆ ತಾನೇ, ಪರೀಕ್ಷೆ ಮಾಡೋಣ ಎಂದವಳು ಅವಳು. ಒಂದೇ ನಟ್ಟು ಹಾಕಿ, ದಾರವನ್ನು 34ಕ್ಕೆ ಇಳಿಸಿ ಬಿಟ್ಟಾಗ 11.7. (ಲೆಕ್ಕ ಬಲ್ಲವರಿಗೆ: ಸರಪಳಿಯ ನಿಜವಾದ ಪರಿಣಾಮಕಾರಿ ಉದ್ದ 34ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಸುಮಾರು 34.3. ನಮ್ಮ ಬೆರಳಿನ ದೋಷದಲ್ಲಿ ಅದು ಮುಳುಗಿಹೋಗುತ್ತದೆ.)

ನಟ್ಟುಗಳ ಈ ತರಲೆಯನ್ನು ಕಾಯಂ ಆಗಿ ತಪ್ಪಿಸಲು ಗುಂಡನ್ನೇ ಬದಲಿಸಿದೆವು. ಒಂದೇ ಅಳತೆಯ, 4 ಸೆಂ.ಮೀ. ಎತ್ತರದ ಮೂರು ಪ್ಲಾಸ್ಟಿಕ್ ಡಬ್ಬಿ. ಒಂದಕ್ಕೆ ಹತ್ತಿ, ಒಂದಕ್ಕೆ ಮರಳು, ಒಂದಕ್ಕೆ ಸಣ್ಣ ಕಬ್ಬಿಣದ ಗುಂಡುಗಳು, ಮೂರನ್ನೂ ಕಂಠಪೂರ್ತಿ ತುಂಬಿ ಮುಚ್ಚಳ ಹಾಕಿದ್ದು. ಆಕಾರ ಒಂದೇ, ಕೇಂದ್ರ ಇರುವ ಜಾಗವೂ ಒಂದೇ, ಭಾರ ಮಾತ್ರ ಬೇರೆ. 30 ಸೆಂ.ಮೀ.ಗೆ ಮೂರೂ 11ರ ಆಸುಪಾಸಿನಲ್ಲೇ ನಿಂತವು.

ಹತ್ತಿಯ ಡಬ್ಬಿ ಇನ್ನೊಂದು ತಕರಾರು ತೆಗೆಯಿತು. ಅದು ಬೇಗ ಸುಸ್ತಾಗಿ ನಿಂತುಬಿಡುತ್ತದೆ, ಕಬ್ಬಿಣದ್ದು ಎಷ್ಟೋ ಹೊತ್ತು ಆಡುತ್ತಲೇ ಇರುತ್ತದೆ. “ಭಾರ ಲೆಕ್ಕಕ್ಕೆ ಬರುತ್ತೆ ಅಲ್ವಾ ಹಾಗಾದ್ರೆ?” ಬರುತ್ತದೆ. ಆದರೆ ಬೇರೆ ಪ್ರಶ್ನೆಗೆ. ಒಂದು ಓಲಾಟಕ್ಕೆ ಎಷ್ಟು ಸಮಯ ಎಂಬುದು ಒಂದು, ಎಷ್ಟು ಹೊತ್ತು ಆಡುತ್ತದೆ ಎಂಬುದು ಇನ್ನೊಂದು. ಗಾಳಿಯ ತಡೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಹಗುರ ಡಬ್ಬಿಯಲ್ಲಿ ಕೂಡಿಟ್ಟ ಶಕ್ತಿ ಕಡಿಮೆ, ಅದಕ್ಕೆ ಬೇಗ ಖಾಲಿ. ಹಲಗೆಯ ತಲೆಯ ಮೇಲೆ “ಅಳೆಯುತ್ತಿರುವುದು: ಹತ್ತು ಓಲಾಟದ ಸಮಯ” ಎಂದು ಚೀಟಿ ಅಂಟಿಸಿದ್ದು ಆಗಲೇ.

ಕೋನ, ಆಮೇಲೆ ಉದ್ದ

10 ಡಿಗ್ರಿಗೂ 20 ಡಿಗ್ರಿಗೂ ಮಾತಾಡುವಷ್ಟು ವ್ಯತ್ಯಾಸ ಬರಲಿಲ್ಲ. 60 ಡಿಗ್ರಿಯಿಂದ ಬಿಟ್ಟಾಗ ಮಾತ್ರ 11.6ರ ಸುತ್ತ ಬಂತು. ಪಠ್ಯಪುಸ್ತಕ ಕೋನಕ್ಕೂ ಸಮಯಕ್ಕೂ ಸಂಬಂಧವಿಲ್ಲ ಎನ್ನುತ್ತದೆ, “ಸಣ್ಣ ಕೋನ” ಎಂಬ ಷರತ್ತಿನ ಮೇಲೆ. ಗೆಲಿಲಿಯೋ ದೊಡ್ಡ ಓಲಾಟಕ್ಕೂ ಅದು ನಿಜ ಎಂದೇ ನಂಬಿದ್ದ. 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ ಕ್ರಿಸ್ಟಿಯಾನ್ ಹೈಗನ್ಸ್‌ಗೆ ಅದು ನಿಜವಲ್ಲ ಎಂದು ಗೊತ್ತಿತ್ತು. ಕೋನ ಏನೇ ಇದ್ದರೂ ಸಮಯ ಕೆಡದಿರಲು ಗುಂಡು ಯಾವ ವಕ್ರರೇಖೆಯಲ್ಲಿ ಚಲಿಸಬೇಕು ಎಂದು ಲೆಕ್ಕ ಹಾಕಿ, 1673ರಲ್ಲಿ ಪ್ರಕಟಿಸಿದ. 60 ಡಿಗ್ರಿಯಲ್ಲಿ ಅವಧಿ ಸುಮಾರು ಶೇ. 7ರಷ್ಟು ಹೆಚ್ಚು. ಓಲಾಟ ಕುಗ್ಗುತ್ತಾ ಹೋಗುವುದರಿಂದ ಹತ್ತರ ಒಟ್ಟಿನಲ್ಲಿ ಅಷ್ಟು ಪೂರ್ತಿ ಸಿಗುವುದಿಲ್ಲ. ನಮಗೆ ಇದರಿಂದ ಆದ ಉಪಯೋಗ: ಉಳಿದ ಸುತ್ತುಗಳಲ್ಲಿ ಕೋನದ ಕ್ಲಿಪ್ಪನ್ನು 10ರಲ್ಲೇ ಯಾಕೆ ಕಟ್ಟಿಹಾಕಬೇಕು ಎಂಬುದಕ್ಕೆ ನನ್ನ ಮಾತಿನ ಬದಲು ಅವಳದೇ ಅಳತೆ ಸಿಕ್ಕಿತು.

ಉದ್ದದ ಸುತ್ತು ಸರಾಗ. 15 ಸೆಂ.ಮೀ.ಗೆ 7.8, 30ಕ್ಕೆ 11.0, 60ಕ್ಕೆ 15.5. ಉದ್ದ ಇಮ್ಮಡಿಯಾದರೆ ಸಮಯವೂ ಇಮ್ಮಡಿ ಎಂದು ಊಹಿಸಿದ್ದಳು. ನಾಲ್ಕು ಪಟ್ಟಾದಾಗ ಇಮ್ಮಡಿ ಎಂದು ಗೊತ್ತಾಯಿತು. ವರ್ಗಮೂಲದ ವಿಷಯ ಎತ್ತಲಿಲ್ಲ, ಇನ್ನೂ ಸಮಯವಿದೆ. ನಮ್ಮ ಮೂರು ಚರಗಳಲ್ಲಿ ಅವಧಿಯನ್ನು ನಿಜವಾಗಿ ಆಳುವುದು ಇದೊಂದೇ, ಉಪಕರಣದಲ್ಲಿ ಅತಿ ಹೆಚ್ಚು ಎಚ್ಚರ ಹಿಡಿಯ ಅಂಚಿಗೂ ಗುಂಡಿನ ನಡುವಿಗೂ ಸಲ್ಲಬೇಕಾದದ್ದು ಇದೇ ಕಾರಣಕ್ಕೆ.

ಅರ್ಧ ಡಬ್ಬಿ

ಅರ್ಥವಾಗಿದೆಯೇ ಎಂದು ನೋಡಲು ಪ್ರಶ್ನಪತ್ರಿಕೆ ಮಾಡಲಿಲ್ಲ. ಮರಳಿನ ಡಬ್ಬಿಯಿಂದ ಅರ್ಧ ಮರಳು ಸುರಿದು, ಅದೇ ದಾರಕ್ಕೆ ಸಿಕ್ಕಿಸಿ, “ಏನಾಗುತ್ತೆ?” ಎಂದೆ. ವ್ಯತ್ಯಾಸ ಸಣ್ಣದಿರುತ್ತದೆ, ಈ ಸಲ ಮೂವತ್ತು ಓಲಾಟ ಎಣಿಸು ಎಂದಷ್ಟೇ ಸೇರಿಸಿದೆ.

ಅವಳು ಭಾರದ ಕ್ಲಿಪ್ಪಿಗೆ ಕೈ ಹಾಕಿ, ನಿಲ್ಲಿಸಿ, ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಮರಳು ತಳದಲ್ಲಿ ಕೂತಿತ್ತು. “ನಡು ಕೆಳಗೆ ಹೋಯ್ತು. ಹಗುರ ಆದ್ರೂ ನಿಧಾನ ಆಗುತ್ತೆ” ಎಂದು ಹೇಳಿ, ಉದ್ದದ ಸಾಲಿನ ಕ್ಲಿಪ್ಪನ್ನೂ 30ರಿಂದ ಒಂದು ಗೆರೆ ಆಚೆ ಸರಿಸಿದಳು. ತುಂಬಿದ ಡಬ್ಬಿಗೆ ಮೂವತ್ತು ಓಲಾಟಕ್ಕೆ 33.0 ಇದ್ದದ್ದು ಅರ್ಧ ಡಬ್ಬಿಗೆ 33.5 ಆಯಿತು. ಮರಳಿನ ನಡು ಸುಮಾರು 1 ಸೆಂ.ಮೀ. ಇಳಿದಿದ್ದಕ್ಕೆ ಇದು ಹೊಂದುತ್ತದೆ.

“ಈಗ ಭಾರದ್ದು ಮಾತ್ರ ನೋಡ್ಬೇಕಂದ್ರೆ?” ಎಂದು ನಾನು ಕೇಳುವ ಮೊದಲೇ ರೆಕ್ಕೆ ನಟ್ಟು ಸಡಿಲಿಸಿ, ದಾರವನ್ನು 1 ಸೆಂ.ಮೀ. ಮೇಲಕ್ಕೆಳೆದು, ಉದ್ದದ ಕ್ಲಿಪ್ಪನ್ನು 30ಕ್ಕೆ ವಾಪಸ್ ತಂದಳು. 33.1. ಹಲಗೆಯ ಮೇಲೆ ಜರುಗಿದ್ದು ಭಾರದ್ದೊಂದೇ. ಫಲಿತಾಂಶದ ಎದುರು ಬರೆದಳು: “ಮಾತಾಡುವಂತಿಲ್ಲ.”